ಹುಚ್ಚು ಮೂಲೆಗೆ ನೆಟ್ಟ ಬೋರ್ಡು

ನನ್ನ ಬೀಳ್ಕೊಡುಗೆಯ ದಿನ ಮಂಡ್ಯದ ಕಚೇರಿಯಲ್ಲಿ ಹಾರ, ಶಾಲು, ಪೇಟ, ಹಣ್ಣಿನ ಬುಟ್ಟಿ, ಹೊಗಳಿಕೆ ಎಲ್ಲ ಮುಗಿದ ಮೇಲೆ, ಹೊಸದಾಗಿ ಕೆಲಸಕ್ಕೆ ಸೇರಿದ್ದ ರಶ್ಮಿ ಎಂಬ ಹುಡುಗಿ ನನ್ನನ್ನು ಮೆಟ್ಟಿಲ ಹತ್ತಿರಕ್ಕೆ ಕರೆದು, "ಸರ್, ಪ್ರಗತಿಪರ ರೈತ ಅಂದ್ರೆ ಯಾರು?" ಎಂದು ಕೇಳಿದಳು. ಇಷ್ಟು ವರ್ಷ ಸರ್ವೀಸು ಮಾಡಿದ್ದಕ್ಕೂ ಕೊನೆಗೊಬ್ಬರು ನನ್ನನ್ನು ತತ್ವದ ಪ್ರಶ್ನೆ ಕೇಳಿದರಲ್ಲ ಎಂದು ಎದೆ ಉಬ್ಬಿತು. ಪೇಟ ಸರಿ ಮಾಡಿಕೊಂಡು ಗಂಟಲು ಸರಿಪಡಿಸಿಕೊಳ್ಳುವಷ್ಟರಲ್ಲಿ ಅವಳೇ, "ಸಂಜೆಯೊಳಗೆ ನಮ್ಮ ಹೋಬಳಿಯಿಂದ ಒಂದು ಹೆಸರು ಕಳಿಸಬೇಕಂತೆ ಸರ್, ನಿಮಗೆ ಯಾರಾದ್ರೂ ಗೊತ್ತಾ?" ಎಂದಳು. ಎದೆ ಇಳಿಯಿತು. ಯಾರೋ ಒಬ್ಬರ ಹೆಸರು ಹೇಳಿ, ಹಣ್ಣಿನ ಬುಟ್ಟಿ ಎತ್ತಿಕೊಂಡು ಮನೆಗೆ ಬಂದೆ.

ಆ ಪ್ರಶ್ನೆ ಮಾತ್ರ ನನ್ನ ಜೊತೆಯಲ್ಲೇ ಬಂದುಬಿಟ್ಟಿತು. ಈಗ ನನಗೆ ಬಿಡುವಿದೆ. ಬೆಳಿಗ್ಗೆ ಹಾಲು ತರುವುದು, ಪೇಪರು ಓದಿ ಸಿಟ್ಟು ಮಾಡಿಕೊಳ್ಳುವುದು ಬಿಟ್ಟರೆ ಬೇರೆ ಕೆಲಸವಿಲ್ಲ. ಆದ್ದರಿಂದ ರಶ್ಮಿಗೂ, ಅವಳ ಹಾಗೆ ಕೃಷಿ ವಿಸ್ತರಣೆಯ ಕೆಲಸಕ್ಕೆ ಸೇರುವ ಇತರರಿಗೂ ಆ ದಿನ ಕೊಡಬೇಕಾಗಿದ್ದ ಉತ್ತರವನ್ನು ಈಗ ಬರೆಯುತ್ತಿದ್ದೇನೆ. ನನ್ನ ಬಡ್ತಿಗಳ ವಿಷಯ ಇದರಲ್ಲಿ ಬರುವುದಿಲ್ಲ. ಒಂದು ಬಡ್ತಿಯಲ್ಲಿ ನನ್ನ ಕುರ್ಚಿಗೆ ಕೈ ಬಂತು, ಇನ್ನೊಂದರಲ್ಲಿ ಬೆನ್ನಿಗೆ ಟವೆಲ್ಲು ಬಂತು, ಕೆಲಸ ಮಾತ್ರ ಅದೇ ಇತ್ತು. ರೈತರಿಗೆ ಹೊಸದನ್ನು ಹೇಳುವುದು, ಅವರು ಅದನ್ನು ಮಾಡಿದರು ಎಂದು ಮೇಲಿನವರಿಗೆ ಹೇಳುವುದು. ಈ ಎರಡರ ನಡುವೆ ಎಷ್ಟು ಜಾಗವಿದೆ ಎಂಬುದನ್ನು ನನಗೆ ಮೊದಲು ಕಲಿಸಿದ್ದು ದುದ್ದ ಎಂಬ ಊರು.

ನಾನು ಕೆಲಸಕ್ಕೆ ಸೇರಿದ ಹೊಸತು. ನಮ್ಮ ಮೇಲಧಿಕಾರಿಯೊಬ್ಬರಿಗೆ ಸಾಲು ನಾಟಿಯ ಹುಚ್ಚು ಹಿಡಿದಿತ್ತು. ಭತ್ತದ ಪೈರನ್ನು ಕೈಗೆ ಬಂದ ಹಾಗೆ ನೆಡಬಾರದು, ಹಗ್ಗ ಹಿಡಿದು ನೇರ ಸಾಲಿನಲ್ಲಿ ನೆಡಬೇಕು. ಅದು ಒಳ್ಳೆಯ ಪದ್ಧತಿಯೇ, ಸುಳ್ಳು ಹೇಳುವುದಿಲ್ಲ. ಆದರೆ ಸಾಹೇಬರ ಪಾಲಿಗೆ ಪ್ರಗತಿ ಎಂದರೆ ನೇರ, ನೇರ ಎಂದರೆ ಪ್ರಗತಿ. ನನಗೆ ಒಂದು ಹಗ್ಗದ ಸುರುಳಿ ಕೊಟ್ಟು ದುದ್ದ ಹೋಬಳಿಗೆ ಕಳಿಸಿದರು. ನನ್ನ ಮೊಪೆಡ್ಡಿನ ಹ್ಯಾಂಡಲಿಗೆ ಆ ಸುರುಳಿ ನೇತುಹಾಕಿಕೊಂಡು ಊರೂರು ತಿರುಗಿದ್ದರಿಂದ, ಕೆಲವು ಕಡೆ ದನ ಹಿಡಿಯಲು ಬಂದವನು ಎಂದೇ ತಿಳಿದಿದ್ದರು.

ನಾಟಿ ಹಾಕುವ ಹೆಂಗಸರ ಗುಂಪಿಗೆ ಚಿಕ್ಕತಾಯಮ್ಮ ಎಂಬುವಳು ಮುಂದಾಳು. ಅವಳು ಹಗ್ಗವನ್ನು ನೋಡಿದಳು, ನನ್ನನ್ನು ನೋಡಿದಳು, ಬಿಸಿಲನ್ನೂ ಒಮ್ಮೆ ನೋಡಿದಳು. ಆಮೇಲೆ ಬಹಳ ಮರ್ಯಾದೆಯಿಂದ ಒಂದು ಪ್ರಶ್ನೆ ಕೇಳಿದಳು.

"ಸಾ, ನಿಮ್ಮ ಸಾಯೇಬ್ರು ರೋಡಲ್ಲಿ ನಿಂತ್ಕಂಡು ಎಷ್ಟು ದೂರ ನೋಡ್ತಾರೆ?"

ಅಷ್ಟೇನೂ ದೂರ ನೋಡಲಾರರು, ಕನ್ನಡಕ ಇದೆ ಎಂದೆ.

"ಅಷ್ಟು ದೂರ ಸಾಲಿಡ್ತೀವಿ ಬುಡಿ."

ಹೇಳಿದ ಹಾಗೆಯೇ ಮಾಡಿದರು. ರಸ್ತೆಯ ಪಕ್ಕದ ಪೈರು ಕವಾಯತಿಗೆ ನಿಂತ ಪೊಲೀಸರ ಹಾಗೆ ನೇರ. ಅದರ ಹಿಂದೆ ಅವರ ಅಜ್ಜಿಯರು ನೆಡುತ್ತಿದ್ದ ಹಾಗೆ. ಸಾಹೇಬರು ಜೀಪಿನಲ್ಲಿ ಬಂದು, ಇಳಿಯದೆ ನೋಡಿ, ದುದ್ದ ಹೋಬಳಿ ಬಹಳ ಮುಂದುವರಿದಿದೆ ಎಂದು ಬರೆದುಕೊಂಡು ಹೋದರು. ಎರಡನೆಯ ಸಲ ಬಂದಾಗ ಮಾತ್ರ ಉತ್ಸಾಹ ತಡೆಯಲಾರದೆ ಬದುವಿನ ಮೇಲೆ ನಡೆಯಲು ಹೊರಟರು. ಬೇಡ ಸಾರ್, ಜಾರುತ್ತದೆ ಎಂದು ನಾನು ಕೂಗುತ್ತಲೇ ಇದ್ದೆ. ಜಾರಿತು. ಎದ್ದು ನಿಂತಾಗ ಅವರು ಗದ್ದೆಯ ನಡುಭಾಗದಲ್ಲಿದ್ದರು, ಸುತ್ತಲೂ ಹಳೆಯ ಪದ್ಧತಿಯೇ ಇತ್ತು. ಕೈ ಕೆಸರಾದರೆ ಬಾಯಿ ಮೊಸರು ಎನ್ನುತ್ತಾರೆ, ಅವರಿಗೆ ಕನ್ನಡಕವೂ ಕೆಸರಾಗಿತ್ತು. ಅದನ್ನು ಒರೆಸಿಕೊಂಡು ಸುತ್ತ ನಿಧಾನವಾಗಿ ನೋಡಿದರು. ಹೆಂಗಸರು ಬಾಯಿಗೆ ಸೆರಗು ಒತ್ತಿಕೊಂಡು ನಿಂತಿದ್ದರು. "ಇಲ್ಲಿ ನೋಡಿದ್ದನ್ನ ಇಲ್ಲೇ ಬಿಡೋಣ" ಎಂದು ನನಗಷ್ಟೇ ಕೇಳುವಂತೆ ಹೇಳಿ ಜೀಪು ಹತ್ತಿದರು. ಅವರ ಮೇಲೆ ನನಗೆ ಗೌರವ ಹುಟ್ಟಿದ್ದು ಅವತ್ತೇ.

ಆಮೇಲೆ ಕಾಲ ಬದಲಾಯಿತು. ಹಗ್ಗ ಹೋಗಿ ಮೊಬೈಲು ಬಂತು. ಗದ್ದೆಗೆ ಹೋದೆವೋ ಇಲ್ಲವೋ ಎಂಬುದನ್ನು ನಾವು ಹೇಳಬೇಕಾಗಿರಲಿಲ್ಲ, ಫೋಟೊ ಹೇಳುತ್ತಿತ್ತು. ನನ್ನ ಸರ್ವೀಸಿನ ಕೊನೆಯ ವರ್ಷಗಳಲ್ಲಿ ಬಂದ ಮೇಲಧಿಕಾರಿಗೆ ನೇರ ಸಾಲು ಸಾಕಾಗಲಿಲ್ಲ, ನವೀನತೆ ಬೇಕಾಗಿತ್ತು. ಮದ್ದೂರಿನಲ್ಲಿ ಸಭೆ ಕರೆದು, ಮಧ್ಯಾಹ್ನದವರೆಗೂ ಸೃಜನಶೀಲತೆಯ ಮೇಲೆ ಮಾತನಾಡಿದರು. ಎಲ್ಲರೂ ಮುಕ್ತವಾಗಿ ಯೋಚಿಸಬೇಕು, ಯಾರೂ ಹಳೆಯ ದಾರಿಯಲ್ಲಿ ಹೋಗಬಾರದು ಎಂದರು. ನಮ್ಮಲ್ಲೊಬ್ಬರು ಎದ್ದು ನಿಂತು ಏನೋ ಹೊಸದಾಗಿ ಹೇಳಲು ಹೋದರು. ಮಾತನಾಡುವಾಗ ಮಧ್ಯೆ ಎದ್ದು ನಿಲ್ಲಬಾರದು ಎಂದು ಅವರನ್ನು ಕೂರಿಸಿದರು. ಕೊನೆಗೆ ಪ್ರತಿಯೊಬ್ಬರೂ ತಮ್ಮ ವ್ಯಾಪ್ತಿಯಲ್ಲಿ ಒಬ್ಬ ಪ್ರಗತಿಪರ ರೈತನನ್ನು ಹುಡುಕಿ, ಆತನ ಹೊಲದಲ್ಲಿ ಬೋರ್ಡು ನೆಡಬೇಕು ಎಂದು ಆದೇಶವಾಯಿತು. ಬೋರ್ಡಿನ ಅಳತೆ, ಬಣ್ಣ, ಅಕ್ಷರ ಎಲ್ಲ ಮೊದಲೇ ತೀರ್ಮಾನವಾಗಿತ್ತು. ರೈತ ಏನನ್ನು ಹೊಸದಾಗಿ ಮಾಡಿರಬೇಕು ಎಂಬುದಷ್ಟೇ ಬಾಕಿ.

ನನಗೆ ಹುಡುಕುವ ತೊಂದರೆ ಇರಲಿಲ್ಲ. ಕಿರುಗಾವಲಿನಿಂದ ಒಳಗೆ ಹೋಗುವ ರಸ್ತೆಯಲ್ಲಿ ಜವರಮ್ಮ ಇದ್ದಳು.

ಜವರಮ್ಮನದು ಕಬ್ಬು, ಭತ್ತ ಬೆಳೆಯುವ ಮನೆತನ. ಮದುವೆಯಾಗಿ ಬಂದ ಹೊಸದರಲ್ಲಿ ಅವಳು ಕಂಡದ್ದಕ್ಕೆಲ್ಲ ಕೈ ಹಾಕುತ್ತಿದ್ದಳಂತೆ. ಭತ್ತದ ಮಡಿಯಲ್ಲಿ ಸೊಪ್ಪು ಬಿತ್ತುವುದು, ಕಬ್ಬಿನ ಮಧ್ಯೆ ಅವರೆ ಊರುವುದು. ಇದರ ಕಾಟ ತಾಳಲಾರದೆ ಅತ್ತೆ, ರಸ್ತೆಗೂ ಕಾಲುವೆಗೂ ಮಧ್ಯೆ ಸಿಕ್ಕಿಕೊಂಡಿದ್ದ ಒಂದು ತುಂಡು ಜಮೀನು ತೋರಿಸಿ, ಇದರಲ್ಲಿ ಏನು ಬೇಕಾದರೂ ಮಾಡಿಕೋ, ಮಿಕ್ಕಿದ್ದನ್ನು ಮುಟ್ಟಬೇಡ ಎಂದು ಹೇಳಿದ್ದಳು. ಊರಿನವರು ಅದನ್ನು ಹುಚ್ಚು ಮೂಲೆ ಎಂದು ಕರೆದರು. ಅತ್ತೆ ಹೋಗಿ ಎಷ್ಟೋ ಕಾಲವಾಗಿದ್ದರೂ ಆ ಮೂಲೆಗೆ ಎರಡು ಕಟ್ಟಳೆಗಳಿದ್ದವು. ಅಲ್ಲಿ ಎಷ್ಟು ಬೆಳೆಯಿತು ಎಂದು ಮನೆಯವರು ಯಾರೂ ಕೇಳುವ ಹಾಗಿಲ್ಲ. ಅದನ್ನು ನೋಡಿ ನಗಲು ಬಂದವರು ಒಂದು ಉಪಾಯ ಹೇಳದೆ ಹೋಗುವ ಹಾಗಿಲ್ಲ.

ನಗುವವರಿಗೆ ಬರವಿರಲಿಲ್ಲ. ಒಂದು ವರ್ಷ ಜವರಮ್ಮ ಮುರಿದ ಕೊಡೆಗಳ ಕಡ್ಡಿಯನ್ನೆಲ್ಲ ನೆಟ್ಟು ಹೀರೆ ಬಳ್ಳಿ ಹಬ್ಬಿಸಿದಳು. ಗಾಳಿ ಬಂದಾಗ ಕೊಡೆ ಬಳ್ಳಿಸಮೇತ ಮಗುಚಿ, ಹೀರೇಕಾಯಿ ಆಕಾಶ ನೋಡಿದವು. ಇನ್ನೊಂದು ವರ್ಷ ಭತ್ತದ ಹುಳು ತಿನ್ನಲಿ ಎಂದು ಬಾತುಕೋಳಿ ತಂದು ಬಿಟ್ಟಳು. ಅವು ಹುಳುವನ್ನೂ ತಿಂದವು, ನಾಲೆಯಲ್ಲಿ ನೀರು ಬಿಟ್ಟ ದಿನ ಕಾಲುವೆಗಿಳಿದು ಈಜಿಕೊಂಡು ಕೆಳಗಿನ ಊರಿಗೂ ಹೋದವು. ಆ ಊರಿನಲ್ಲಿ ಅವತ್ತು ಮನೆ ಮನೆಯಲ್ಲೂ ಸಾರಿನ ವಾಸನೆ. ಪ್ರಗತಿ ಕೆಳಹಂತಕ್ಕೆ ತಲುಪಿದ್ದನ್ನು ನಾನು ಕಣ್ಣಾರೆ ಕಂಡದ್ದು ಅದೊಂದೇ ಸಲ.

ಪಕ್ಕದ ಜಮೀನಿನ ಬೋರಯ್ಯ ನಗುವವರಲ್ಲಿ ಮೊದಲಿಗ. ನಕ್ಕು ನಕ್ಕು ಕಣ್ಣು ಒರೆಸಿಕೊಂಡು, ಕಟ್ಟಳೆಯಂತೆ ಏನಾದರೂ ಒಂದು ಉಪಾಯ ಹೇಳಿ ಹೋಗುತ್ತಿದ್ದ. ಕಬ್ಬಿನ ಜಲ್ಲೆಯನ್ನು ಹಾಗೇ ಹೂಳುವ ಬದಲು ಒಂದೊಂದೇ ಕಣ್ಣು ಕತ್ತರಿಸಿ ಮೊಳಕೆ ಬರಿಸಬೇಕೆಂದು ಜವರಮ್ಮ ಒದ್ದಾಡುತ್ತಿದ್ದಾಗ, ಆ ಸಸಿಗಳಿಗೆ ಲೋಟದಲ್ಲಿ ಕಾಫಿ ಕುಡಿಸಿ ಸಾಕು ಎಂದು ಗೇಲಿ ಮಾಡಿದವನು ಅವನೇ. ಜವರಮ್ಮ ಮರುದಿನ ಒಂದು ಮದುವೆ ಮನೆಯ ಹಿಂದೆ ಬಿದ್ದಿದ್ದ ಕಾಗದದ ಲೋಟಗಳನ್ನೆಲ್ಲ ಚೀಲಕ್ಕೆ ತುಂಬಿಕೊಂಡು ಬಂದಳು. ಲೋಟಕ್ಕೆ ಮಣ್ಣು ಗೊಬ್ಬರ ತುಂಬಿ, ಒಂದೊಂದು ಕಣ್ಣು ಇಟ್ಟಳು. ಸಸಿ ಬಂದವು. ಅಗಲ ಅಂತರದಲ್ಲಿ ನೆಟ್ಟ ಆ ಕಬ್ಬು ಬೋರಯ್ಯನ ಕಬ್ಬಿಗಿಂತ ದಪ್ಪಗೆ ಬಂತು.

ನಾನು ಫೋಟೊ ಕಳಿಸಿದೆ. ನವೀನತೆಯ ಸಾಹೇಬರು ಕುಣಿದಾಡಿಬಿಟ್ಟರು. ಬೋರ್ಡು ಬಂತು. ಒಳ್ಳೆ ದಪ್ಪ ತಗಡು, ಕಬ್ಬಿಣದ ಕಾಲು, ಹಸಿರು ಬಣ್ಣ. ಮೇಲೆ 'ಪ್ರಗತಿಪರ ರೈತ ಮಹಿಳೆ ಶ್ರೀಮತಿ ಜವರಮ್ಮನವರ ನವೀನ ಮಾದರಿ ತಾಕು' ಎಂಬ ಬರಹ, ಪಕ್ಕದಲ್ಲಿ ಅವಳ ಫೋಟೊ. ಫೋಟೊದಲ್ಲಿ ಅವಳು ನಗುತ್ತಿರಲಿಲ್ಲ. ರಸ್ತೆಗೆ ಕಾಣಬೇಕಲ್ಲ, ಹಾಗಾಗಿ ಅದನ್ನು ಹುಚ್ಚು ಮೂಲೆಯಲ್ಲೇ ನೆಡಿಸಿದೆವು. ಅವತ್ತು ಜವರಮ್ಮ ಎಲ್ಲರಿಗೂ ಒಬ್ಬಟ್ಟು ಹಾಕಿಸಿದಳು. ನಾನು ಎರಡು ಸಲ ತುಪ್ಪ ಬಡಿಸಿಕೊಂಡು, ನನ್ನ ಸರ್ವೀಸಿನಲ್ಲಿ ಇದೊಂದು ಒಳ್ಳೆಯ ಕೆಲಸ ಮಾಡಿದೆ ಎಂದುಕೊಂಡು ಮನೆಗೆ ಹೋದೆ.

ತೊಂದರೆ ಶುರುವಾದದ್ದು ಆಮೇಲೆ. ಅಧ್ಯಯನ ಪ್ರವಾಸದ ಬಸ್ಸುಗಳಿಗೆ ಶಿವಪುರದ ಸತ್ಯಾಗ್ರಹ ಸೌಧ ಆದ ಮೇಲೆ ಜವರಮ್ಮನ ಮೂಲೆ ಎಂದು ಗೊತ್ತುಪಡಿಸಿದರು. ಬಂದವರೆಲ್ಲರಿಗೂ ಕಾಗದದ ಲೋಟದಲ್ಲಿ ಸಸಿ ಕಾಣಬೇಕು. ಆದರೆ ಸಸಿ ಮಾಡುವುದಕ್ಕೊಂದು ಕಾಲವಿದೆ, ಬಸ್ಸು ಬರುವುದಕ್ಕೆ ಕಾಲವಿಲ್ಲ. ಆದ್ದರಿಂದ ವರ್ಷವಿಡೀ ಲೋಟದಲ್ಲಿ ಸಸಿ ಇಟ್ಟಿರಬೇಕು ಎಂದಾಯಿತು. ಮದುವೆ ಇಲ್ಲದ ತಿಂಗಳಲ್ಲಿ ಲೋಟಕ್ಕೆ ತಾಪತ್ರಯ. ಜವರಮ್ಮನ ಗಂಡ ಬೇಕೋ ಬೇಡವೋ ಕಾಗದದ ಲೋಟದಲ್ಲೇ ಟೀ ಕುಡಿಯಬೇಕಾಯಿತು. ಪಿತ್ತ ನೆತ್ತಿಗೇರಿದೆ, ನಿಮ್ಮ ಇಲಾಖೆಯಿಂದ ಅದಕ್ಕೇನಾದರೂ ಔಷಧಿ ಇದೆಯೇ ಎಂದು ಆತ ನನ್ನನ್ನು ಕೇಳಿದ.

ಅಷ್ಟರಲ್ಲಿ ಜವರಮ್ಮನ ತಲೆಗೆ ಇನ್ನೇನೋ ಹೊಳೆದಿತ್ತು. ಕಬ್ಬು ಕಿತ್ತು, ಆ ಮೂಲೆಯಲ್ಲಿ ರಾಗಿ ಪೈರಿನ ಮಧ್ಯೆ ಚೆಂಡು ಹೂವು ಹಾಕಿ ನೋಡಬೇಕು ಎಂದಳು. ನಾನು ಸಾಹೇಬರನ್ನು ಕೇಳಿದೆ. ಅವರು ದಿಗಿಲುಬಿದ್ದರು. ಬೋರ್ಡು ಕೊಟ್ಟಿದ್ದು ಕಬ್ಬಿಗೆ, ಹೊಲದಲ್ಲಿ ರಾಗಿ ಇದ್ದರೆ ಹೇಗೆ? ಅದೂ ಕೆಟ್ಟುಹೋದರೆ? ಪ್ರಗತಿಪರ ರೈತರು ಸೋಲಬಾರದು, ಅದು ಇಲಾಖೆಯ ಸೋಲಾಗುತ್ತದೆ ಎಂದರು. ಸೃಜನಶೀಲತೆಯ ಬಗ್ಗೆ ಅರ್ಧ ದಿನ ಮಾತನಾಡಿದ್ದ ಬಾಯಿ ಅದೇ.

ಇನ್ನೊಂದು ಬದಲಾವಣೆಯನ್ನು ನಾನು ಗಮನಿಸಿದ್ದು ತಡವಾಗಿ. ಆ ಮೂಲೆಯಲ್ಲಿ ಯಾರೂ ನಗುತ್ತಿರಲಿಲ್ಲ. ಬೋರಯ್ಯನೂ ಬದುವಿನ ಆಚೆಯೇ ನಿಂತು, ನೀವು ದೊಡ್ಡೋರು ಕಣಕ್ಕ ಎಂದು ಹೇಳಿ ಹೋಗಿಬಿಡುತ್ತಿದ್ದ. ನಗುವವರಿಲ್ಲದ ಮೇಲೆ ಉಪಾಯ ಹೇಳುವವರೂ ಇಲ್ಲ. ಜವರಮ್ಮ ಬಸ್ಸು ಬಂದಾಗ ಗರಿಗರಿ ಸೀರೆ ಉಟ್ಟು, ಕಲಿತ ಪಾಠ ಒಪ್ಪಿಸಿ, ಬಸ್ಸು ಹೋದ ಮೇಲೆ ಬೋರ್ಡಿನ ನೆರಳಿನಲ್ಲಿ ಕುಳಿತುಕೊಳ್ಳುತ್ತಿದ್ದಳು. ಒಂದು ದಿನ ನಾನು ಹೋದಾಗ ಹಾಗೆಯೇ ಕುಳಿತಿದ್ದಳು. ಏನು ಜವರಮ್ಮ, ಸನ್ಮಾನಕ್ಕೆ ಕರೆ ಬಂದಿದೆಯಂತೆ ಎಂದೆ. ಅವಳು ಲೋಟದ ಸಸಿಗೆ ನೀರು ಚಿಮುಕಿಸುತ್ತಲೇ ಹೇಳಿದಳು:

"ಬಂದದೆ ಸಾ. ಮೊದ್ಲು ನಮ್ಮತ್ತೆಗೆ ಎದುರ್ಕತಿರ್ಲಿಲ್ಲ, ಗಂಡಂಗೆ ಎದುರ್ಕತಿರ್ಲಿಲ್ಲ. ಈಗ ಈ ತಗಡಿಗೆ ಎದುರ್ಕತೀನಿ. ನನ್ ಮೂಲೇಲಿ ನಾನು ಸೋಲಂಗೂ ಇಲ್ವಲ್ಲ ಸಾ. ಇದ್ನ ಕಿತ್ಕಂಡ್ ಓಗಿ, ನಿಮಗೆ ಪುಣ್ಯ ಬತ್ತದೆ."

ನನಗೆ ನಿಜವಾಗಿಯೂ ಬೇಜಾರಾಯಿತು. ಅವಳಿಗೆ ಆ ಮೂಲೆ ಎಂದರೆ ಜೀವ. ಅದನ್ನು ನಾವು ಮೆಚ್ಚಿ ಮೆಚ್ಚಿಯೇ ಕಿತ್ತುಕೊಂಡಿದ್ದೆವು. ಬೈದು ಕಿತ್ತುಕೊಂಡಿದ್ದರೆ ಅವಳು ಜಗಳವಾದರೂ ಆಡುತ್ತಿದ್ದಳು. ಶಾಲು ಹೊದಿಸುವವನ ಜೊತೆ ಜಗಳ ಹೇಗೆ ಆಡುವುದು?

ಬೋರ್ಡು ಕೀಳಿಸಲು ನಾನು ಕಚೇರಿಯಲ್ಲಿ ಓಡಾಡಿದೆ. ನೆಡಲು ಆದೇಶವಿತ್ತು, ಕೀಳಲು ಇರಲಿಲ್ಲ. ಕೀಳಲು ಆದೇಶ ಬೇಕಾದರೆ ಕಾರಣ ಕೊಡಬೇಕು, ಬಣ್ಣ ಹೋಗದೆ ತುಕ್ಕು ಹಿಡಿಯದೆ ಕಾರಣವಿಲ್ಲ, ಬಣ್ಣವೋ ಬಹಳ ಒಳ್ಳೆಯದಿತ್ತು. ಹುಚ್ಚು ಬಿಡದೆ ಮದುವೆಯಾಗದು, ಮದುವೆಯಾಗದೆ ಹುಚ್ಚು ಬಿಡದು ಎಂಬಂತಾಯಿತು. ಸಾಹೇಬರಂತೂ, ಪ್ರಗತಿಯನ್ನು ಕೀಳಬೇಕು ಅನ್ನುತ್ತೀರಲ್ಲ, ನಿಮಗೆ ನಿವೃತ್ತಿ ಯಾವಾಗ ಎಂದು ಕೇಳಿದರು.

ಉಪಾಯ ಬಂದದ್ದು ಕಾಲುವೆಯ ಕಡೆಯಿಂದ. ಹುಚ್ಚು ಮೂಲೆಯ ಪಕ್ಕದಲ್ಲೇ ಜವರಮ್ಮನಿಗೂ ಬೋರಯ್ಯನಿಗೂ ಸೇರಿದ ಮಡೆ ಇದೆ. ಮಡೆ ಎಂದರೆ ಕಾಲುವೆಯಿಂದ ಗದ್ದೆಗೆ ನೀರು ತಿರುಗಿಸಿಕೊಳ್ಳುವ ಕಂಡಿ. ಒಬ್ಬರ ಸರದಿ ಮುಗಿದರೆ ಗುದ್ದಲಿಯಿಂದ ಮಣ್ಣು ಎಳೆದು ಮುಚ್ಚಬೇಕು, ಇನ್ನೊಬ್ಬರು ಬಂದು ಅದನ್ನು ಒಡೆಯಬೇಕು. ನೀರು ಜೋರಾಗಿದ್ದರೆ ಮಣ್ಣು ಕೊಚ್ಚಿಕೊಂಡು ಹೋಗುತ್ತದೆ, ಆಮೇಲೆ ಜಗಳ. ಅವತ್ತು ನಾನು ಹೋದಾಗ ಮಡೆ ಕಿತ್ತುಹೋಗಿ, ಬೋರಯ್ಯನ ಗದ್ದೆಗೆ ಹೋಗಬೇಕಾದ ನೀರೆಲ್ಲ ಜವರಮ್ಮನ ಕಡೆ ನುಗ್ಗಿತ್ತು. ಬೋರಯ್ಯ ಗುದ್ದಲಿ ಹಿಡಿದು ಕೂಗಾಡುತ್ತಿದ್ದ. ಜವರಮ್ಮ ಅವನಿಗಿಂತ ಜೋರಾಗಿ ಕೂಗಾಡುತ್ತಿದ್ದಳು. ಮಣ್ಣು ಹಾಕಿದಷ್ಟೂ ನೀರು ತಿನ್ನುತ್ತಿತ್ತು. ಸೋತು ಸುಣ್ಣವಾದ ಬೋರಯ್ಯ ತಲೆ ಎತ್ತಿ ಬೋರ್ಡನ್ನು ನೋಡಿದ.

"ನಿನ್ ಪೋಟ ಇರೋ ತಗಡ ತಂದು ಇಲ್ಲಿಗ್ ಸಿಗ್ಸು ಜವರಕ್ಕ. ನೀರಾದ್ರೂ ನಿನ್ ಮಕ ನೋಡಿ ಎದುರ್ಕಂಡು ನಿಂತ್ಕತದೆ."

ಹೇಳಿ ಅವನೇ ನಕ್ಕ. ಬೋರ್ಡು ನೆಟ್ಟ ಮೇಲೆ ಆ ಮೂಲೆಯಲ್ಲಿ ಯಾರಾದರೂ ಹೊಟ್ಟೆ ತುಂಬ ನಕ್ಕದ್ದು ಅದೇ ಮೊದಲು. ಜವರಮ್ಮ ನಗಲಿಲ್ಲ. ಬೋರ್ಡನ್ನು ಒಂದು ಸಲ ನೋಡಿದಳು, ಮಡೆಯನ್ನು ಒಂದು ಸಲ ನೋಡಿದಳು. ಅವಳ ಮುಖದ ಮೇಲೆ ಬಾತುಕೋಳಿ ಕಾಲದ ಕಳೆ ಬಂತು. ನಾನು ಆ ಕಳೆಯನ್ನು ಗುರುತಿಸಿದೆ, ಬೇರೆ ಕಡೆ ಕೆಲಸವಿದೆ ಎಂದು ಹೇಳಿ ಅಲ್ಲಿಂದ ಹೊರಟೆ. ಬೋಲ್ಟು ಬಿಚ್ಚಲು ಸ್ಪ್ಯಾನರ್ ಅವಳಿಗೆ ಎಲ್ಲಿಂದ ಸಿಕ್ಕಿತು ಎಂದು ಯಾರೂ ನನ್ನನ್ನು ಕೇಳಬಾರದು. ನನ್ನ ಮೊಪೆಡ್ಡಿನ ಡಬ್ಬಿಯಲ್ಲಿದ್ದ ಸ್ಪ್ಯಾನರ್ ಆ ದಿನದಿಂದ ಕಾಣೆಯಾಗಿದೆ, ಅದು ಬೇರೆ ವಿಷಯ.

ಆದದ್ದಾಗಲಿ ಎಂದುಕೊಂಡಿರುವಾಗಲೇ, ಬೆಂಗಳೂರಿನಿಂದ ದೊಡ್ಡ ಸಾಹೇಬರು ಮಾದರಿ ತಾಕು ನೋಡಲು ಬರುತ್ತಾರೆಂದು ಸುದ್ದಿ ಬಂತು. ಕಾರುಗಳ ಸಾಲು ಮಳವಳ್ಳಿಯ ಕಡೆಯಿಂದ ಬಂದು ಹುಚ್ಚು ಮೂಲೆಯ ಮುಂದೆ ನಿಂತಿತು. ಬೋರ್ಡಿನ ಜಾಗದಲ್ಲಿ ಎರಡು ಗುಂಡಿ. ಕಬ್ಬಿನ ಜಾಗದಲ್ಲಿ ರಾಗಿ. ರಾಗಿಯ ಮಧ್ಯೆ ಚೆಂಡು ಹೂವು, ಅದರಲ್ಲೂ ಅರ್ಧಕ್ಕರ್ಧ ಬಾಡಿ ಬಿದ್ದಿದ್ದವು. ನವೀನತೆಯ ಸಾಹೇಬರ ಮುಖ ಆ ಹೂವಿಗಿಂತ ಬಾಡಿತು. ನನ್ನ ತೋಳು ಹಿಡಿದು, ಪ್ರಗತಿ ಎಲ್ಲಿ ಹೋಯಿತು ಎಂದು ಹಲ್ಲು ಕಚ್ಚಿಕೊಂಡು ಕೇಳಿದರು. ಜವರಮ್ಮ ಹಳೇ ಸೀರೆಯಲ್ಲೇ ಬಂದು, ಗಾಳಿಗೆ ಬಿತ್ತು ಸಾ ಎಂದಳು. ಮುರಿದ ಕೊಡೆಗಳ ಹೊಲದಲ್ಲಿ ಗಾಳಿಯ ಮಾತನ್ನು ಯಾರೂ ಅಲ್ಲಗಳೆಯುವಂತಿರಲಿಲ್ಲ.

ದೊಡ್ಡ ಸಾಹೇಬರು ಅಷ್ಟರಲ್ಲಿ ಕಾಲುವೆಯ ಏರಿಯ ಮೇಲೆ ನಡೆದು ಹೋಗಿದ್ದರು. ಮಡೆಯ ಹತ್ತಿರ ನಿಂತು, ಎಲ್ಲರನ್ನೂ ಕೈಬೀಸಿ ಕರೆದರು. ನನ್ನ ಪಿಂಚಣಿ ಕಣ್ಣ ಮುಂದೆ ಬಂದು ಕೈಮುಗಿದು ಹೊರಟಂತೆ ಕಂಡಿತು.

ಅಲ್ಲಿ ಬೋರ್ಡಿನ ಕಬ್ಬಿಣದ ಕಾಲುಗಳನ್ನು ಎರಡೂ ದಡಕ್ಕೆ ಹೂಳಿದ್ದರು. ಅವುಗಳ ಸಂದಿನಲ್ಲಿ ತಗಡು ಮೇಲೆ ಕೆಳಗೆ ಸರಿಯುತ್ತಿತ್ತು. ಬೋರಯ್ಯ ಅದನ್ನು ಒಂದೇ ಕೈಯಲ್ಲಿ ಎತ್ತಿದ, ನೀರು ಜವರಮ್ಮನ ಗದ್ದೆಗೆ ಹರಿಯಿತು. ಒಂದೇ ಕೈಯಲ್ಲಿ ಇಳಿಸಿದ, ನೀರು ಅವನ ಕಡೆ ತಿರುಗಿತು. ಗುದ್ದಲಿಯೂ ಇಲ್ಲ, ಜಗಳವೂ ಇಲ್ಲ. ತಗಡು ತಲೆಕೆಳಗಾಗಿತ್ತು. ಜವರಮ್ಮನ ಫೋಟೊ ಕೆಸರು ನೀರಿನೊಳಗೆ ತಲೆಕೆಳಗಾಗಿ ನಿಂತಿತ್ತು. 'ಪ್ರಗತಿಪರ' ಎಂಬ ಅಕ್ಷರಗಳು ಬೋರಯ್ಯ ತಗಡು ಎತ್ತಿದಾಗ ಕಾಣುತ್ತಿದ್ದವು, ಇಳಿಸಿದಾಗ ಮುಳುಗುತ್ತಿದ್ದವು.

ದೊಡ್ಡ ಸಾಹೇಬರು ತಾವೇ ಒಮ್ಮೆ ಎತ್ತಿ ನೋಡಿದರು, ಇನ್ನೊಮ್ಮೆ ಇಳಿಸಿ ನೋಡಿದರು. ಇದನ್ನು ಯಾರು ಮಾಡಿದ್ದು ಎಂದು ಕೇಳಿದರು. ನವೀನತೆಯ ಸಾಹೇಬರು ಒಂದು ಹೆಜ್ಜೆ ಹಿಂದಕ್ಕೆ ಸರಿದರು. ಜವರಮ್ಮ ನಾನೇ ಎಂದಳು, ಬೋರಯ್ಯ ಉಪಾಯ ನಂದು ಎಂದ. ಬಹಳ ಚೆನ್ನಾಗಿದೆ, ಇದನ್ನು ಎಲ್ಲರೂ ನೋಡಬೇಕು ಎಂದ ದೊಡ್ಡ ಸಾಹೇಬರು ನಮ್ಮ ಸಾಹೇಬರ ಕಡೆ ತಿರುಗಿ, "ಇಲ್ಲೊಂದು ಬೋರ್ಡು ಹಾಕಿಸಿಬಿಡಿ" ಎಂದರು.

ನಾನು ಜವರಮ್ಮನ ಮುಖ ನೋಡಿದೆ. ಈಗ ಅಳುತ್ತಾಳೆ, ಇಲ್ಲವೇ ಗುದ್ದಲಿ ಎತ್ತುತ್ತಾಳೆ ಎಂದುಕೊಂಡೆ. ಅವಳು ಸೆರಗು ಸರಿಮಾಡಿಕೊಂಡು ಬಹಳ ನಯವಾಗಿ ಹೇಳಿದಳು:

"ಆಕ್ಸಿ ಸಾ. ವಸಿ ದೊಡ್ದಾಗೇ ಇರ್ಲಿ. ಕೆಳಗಡೆ ಇನ್ನೊಂದು ಮಡೆ ಅದೆ, ಅದು ಇದುಕ್ಕಿಂತ ಅಗಲ."

ಬೋರಯ್ಯ ನಕ್ಕ. ದೊಡ್ಡ ಸಾಹೇಬರು ಒಂದು ಗಳಿಗೆ ಅರ್ಥವಾಗದೆ ನಿಂತು, ನೀರಿನೊಳಗಿನ ಫೋಟೊ ನೋಡಿ, ಆಮೇಲೆ ಅವರೂ ಜೋರಾಗಿ ನಕ್ಕುಬಿಟ್ಟರು. ದೊಡ್ಡವರು ನಕ್ಕ ಮೇಲೆ ನಮ್ಮ ಸಾಹೇಬರಿಗೂ ನಗಲು ಧೈರ್ಯ ಬಂತು. ನಕ್ಕವರೆಲ್ಲ ಒಂದೊಂದು ಉಪಾಯ ಹೇಳಿ ಹೋಗಬೇಕು, ಅದು ಇಲ್ಲಿಯ ಕಟ್ಟಳೆ ಎಂದು ಜವರಮ್ಮ ದಾರಿಗೆ ಅಡ್ಡ ನಿಂತಳು. ನವೀನತೆಯ ಸಾಹೇಬರು ಬಹಳ ಹೊತ್ತು ಯೋಚಿಸಿದರು. ಬೆವರಿದರು. ಕೊನೆಗೆ, ಹೂವಿಗೆ ನೀರು ಹೆಚ್ಚಾಗಿದೆಯೋ ಏನೋ ಎಂದರು. ಅವರ ಬಾಯಿಂದ ಆದೇಶವಲ್ಲದ ಮಾತು ನಾನು ಕೇಳಿದ್ದು ಅದೊಂದೇ. ನೀರು ಹೆಚ್ಚಾದದ್ದೂ ನಿಜವಿತ್ತು.

ರಶ್ಮಿ, ನಿನಗೆ ನಾನು ಅವತ್ತು ಕೊಟ್ಟ ಹೆಸರು ಅವಸರದ್ದು, ಅದನ್ನು ಬಿಟ್ಟುಬಿಡು. ಹೊಲಕ್ಕೆ ಹೋದಾಗ ಮೊದಲು ಅಲ್ಲಿ ಯಾರಾದರೂ ನಗುತ್ತಿದ್ದಾರೆಯೇ ನೋಡು. ಕೆಟ್ಟುಹೋದ ಬೆಳೆಯನ್ನು ಮುಚ್ಚಿಡದೆ ತೋರಿಸುವವರು ಸಿಕ್ಕರೆ ಅವರ ಜಗಲಿಯ ಮೇಲೆ ಕುಳಿತುಕೋ, ಕೊಟ್ಟ ಕಾಫಿ ಕುಡಿ, ಅವರ ಹೆಸರನ್ನು ಮಾತ್ರ ಬೇಗ ಮೇಲಕ್ಕೆ ಕಳಿಸಬೇಡ. ಕಳಿಸಲೇಬೇಕಾಗಿ ಬಂದರೆ, ಅಂಥ ದಿನವೂ ಬರುತ್ತದೆ, ಬೋರ್ಡು ನೆಡುವಾಗ ಬೋಲ್ಟು ಬಹಳ ಬಿಗಿ ಮಾಡಿಸಬೇಡ. ತಗಡು ಮಾತ್ರ ದಪ್ಪನೆಯದೇ ಕೊಡಿಸು.